ವೈರ್‌ಲೆಸ್ ಪವರ್ ಪ್ರಾಜೆಕ್ಟ್‌ಗೆ ಯಾವ ಸರ್ಕ್ಯೂಟ್? ಮೂರರ ಹೋಲಿಕೆ

ತಂತಿಯಿಲ್ಲದೆ ಎಲ್‌ಇಡಿ ಬೆಳಗಿಸುವ ಪ್ರಾಜೆಕ್ಟ್‌ಗೆ ವಿದ್ಯಾರ್ಥಿಗಳು ಹೆಚ್ಚಾಗಿ ಆರಿಸಿಕೊಳ್ಳುವುದು ಮೂರು ಸರ್ಕ್ಯೂಟ್‌ಗಳನ್ನು: 2ಎನ್2222 ಒಂಟಿ ಟ್ರಾನ್ಸಿಸ್ಟರ್, 555 ಟೈಮರ್ ಐಸಿ ಜೊತೆಗೊಂದು ಮಾಸ್‌ಫೆಟ್ (ಸ್ವಿಚ್‌ನಂತೆ ಬಳಸುವ ಟ್ರಾನ್ಸಿಸ್ಟರ್), ಎರಡು ಮಾಸ್‌ಫೆಟ್‌ಗಳ ಝಡ್‌ವಿಎಸ್ (ವೋಲ್ಟೇಜ್ ಸೊನ್ನೆಗೆ ಇಳಿದಾಗ ಸ್ವಿಚ್ ಆಗುವ ಸರ್ಕ್ಯೂಟ್). ಪಕ್ಕಪಕ್ಕ ಇಟ್ಟು ಓಡಿಸಿದರೆ, ಫ್ರೀಕ್ವೆನ್ಸಿಯನ್ನು ನಿರ್ಧರಿಸುವುದು ಯಾವ ಭಾಗ ಎಂಬುದರಲ್ಲೇ ಇವುಗಳ ಅಸಲಿ ವ್ಯತ್ಯಾಸ ಇದೆ ಎಂದು ಗೊತ್ತಾಗುತ್ತದೆ.

ಒಂಟಿ ಟ್ರಾನ್ಸಿಸ್ಟರ್‌ಗೆ ನಡುವಿನಿಂದ ತಂತಿ ಹೊರತೆಗೆದ 15+15 ಸುತ್ತಿನ ಟ್ಯಾಪ್ ಕಾಯಿಲ್, ಬೇಸ್‌ಗೆ 22 ಕಿಲೊಓಮ್ ಇದ್ದರೆ ಆಯಿತು. ಆದರೆ ಇಲ್ಲಿ ಫ್ರೀಕ್ವೆನ್ಸಿ ಟ್ರಾನ್ಸಿಸ್ಟರ್ ಮತ್ತು ಸುತ್ತುಗಳ ಒಳಗೆ ತಾನಾಗಿಯೇ ಇರುವ ಕೆಪ್ಯಾಸಿಟೆನ್ಸ್ ಮೇಲೆ ನಿಂತಿದೆ. ಕೈ ಹತ್ತಿರ ತಂದರೂ ಬದಲಾಗುತ್ತದೆ. ಲೆಕ್ಕ ಹಾಕಿ ತೋರಿಸಲು ಏನೂ ಉಳಿಯುವುದಿಲ್ಲ. ಶಾಲೆಯ ವಿಜ್ಞಾನ ಮೇಳಕ್ಕೆ ಸಾಕು, ಎಂಜಿನಿಯರಿಂಗ್ ಪ್ರಾಜೆಕ್ಟ್‌ಗೆ ಸಾಲದು.

ಉಳಿದೆರಡಕ್ಕೂ ಒಂದೇ ಕಾಯಿಲ್ ನಡೆಯುತ್ತದೆ: 10 ಸೆಂ.ಮೀ. ವ್ಯಾಸ, 10 ಸುತ್ತು, ಸುಮಾರು 20 ಮೈಕ್ರೊಹೆನ್ರಿ. ಇದಕ್ಕೆ 33 ನ್ಯಾನೊಫ್ಯಾರಡ್‌ನ ಮೂರು ಕೆಪ್ಯಾಸಿಟರ್ ಸಮಾಂತರವಾಗಿ ಸೇರಿಸಿದರೆ ಅನುರಣನ (ಕಾಯಿಲ್ ಮತ್ತು ಕೆಪ್ಯಾಸಿಟರ್ ಸಹಜವಾಗಿ ಆಂದೋಲಿಸುವ ಫ್ರೀಕ್ವೆನ್ಸಿ) ಸುಮಾರು 113 ಕಿಲೊಹರ್ಟ್ಸ್‌ಗೆ ಬರುತ್ತದೆ.

555ರಲ್ಲಿ ಫ್ರೀಕ್ವೆನ್ಸಿ ನಮ್ಮ ಕೈಯಲ್ಲಿರುತ್ತದೆ. ಫ್ರೀಕ್ವೆನ್ಸಿ ನಿರ್ಧರಿಸುವ ಎರಡು ರೆಸಿಸ್ಟರ್‌ಗಳಲ್ಲಿ ಆರ್‌ಎ 1 ಕಿಲೊಓಮ್, ಆರ್‌ಬಿ ಜಾಗದಲ್ಲಿ 4.7 ಕಿಲೊಓಮ್ ಜೊತೆ ಸರಣಿಯಲ್ಲಿ 2 ಕಿಲೊಓಮ್ ಪ್ರಿಸೆಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್), ಜೊತೆಗೆ 1 ನ್ಯಾನೊಫ್ಯಾರಡ್ ಕೆಪ್ಯಾಸಿಟರ್: 100ರಿಂದ 138 ಕಿಲೊಹರ್ಟ್ಸ್‌ವರೆಗೆ ತಿರುಗಿಸಬಹುದು. ಅನುರಣನದ ಗ್ರಾಫ್ ಬಿಡಿಸಲು ಇದಕ್ಕಿಂತ ಒಳ್ಳೆಯದಿಲ್ಲ. ತೊಂದರೆ ಎದುರಾಗುವುದು ರಿಸೀವರ್ ಹತ್ತಿರ ಬಂದಾಗ. ಕಾಯಿಲ್‌ನ ಅನುರಣನ ಸರಿಯುತ್ತದೆ, 555 ಹಳೆಯ ಫ್ರೀಕ್ವೆನ್ಸಿಗೇ ಅಂಟಿಕೊಂಡಿರುತ್ತದೆ. ಮಾಸ್‌ಫೆಟ್ ವೋಲ್ಟೇಜ್ ಇರುವಾಗಲೇ ಆನ್ ಆಗಿ ಬಿಸಿಯಾಗುತ್ತದೆ. ಕಾಯಿಲ್‌ಗಳನ್ನು ತೀರಾ ಹತ್ತಿರ ಇಟ್ಟರೆ ಅನುರಣನದ ಗ್ರಾಫ್‌ನ ಒಂದು ಶಿಖರ ಎರಡಾಗಿ ಸೀಳಿ, ಎಲ್‌ಇಡಿ ಮಂಕಾಗುವುದೂ ಇದರಿಂದಲೇ.

ಝಡ್‌ವಿಎಸ್‌ನಲ್ಲಿ ಕಾಯಿಲ್ಲೇ ಯಜಮಾನ. ಅನುರಣನ ಸರಿದರೆ ಸ್ವಿಚಿಂಗ್ ಕೂಡ ಜೊತೆಗೇ ಸರಿಯುತ್ತದೆ. ಡೆಮೊಗೆ ನಮ್ಮ ಆಯ್ಕೆ ಇದೇ. ಎರಡು ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್, ಸಪ್ಲೈಯಿಂದ ಪ್ರತಿ ಗೇಟ್‌ಗೆ (ಆನ್-ಆಫ್ ನಿಯಂತ್ರಿಸುವ ಕಾಲು) 470 ಓಮ್, ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೊಓಮ್ ಮತ್ತು 12 ವೋಲ್ಟ್ ಝೀನರ್, ಒಂದರ ಡ್ರೇನ್‌ನಿಂದ (ಕಾಯಿಲ್‌ಗೆ ಸೇರುವ ಕಾಲು) ಇನ್ನೊಂದರ ಗೇಟ್‌ಗೆ ಯುಎಫ್4007 ಡಯೋಡ್, ಸಪ್ಲೈಯಿಂದ ಎರಡೂ ಡ್ರೇನ್‌ಗೆ ಒಂದೊಂದು 100 ಮೈಕ್ರೊಹೆನ್ರಿ ಚೋಕ್. ಡ್ರೇನ್‌ನಲ್ಲಿ ಸಪ್ಲೈಯ ಸುಮಾರು 3.14 ಪಟ್ಟು ವೋಲ್ಟೇಜ್ ಏಳುತ್ತದೆ: 12ಕ್ಕೆ 38. 55 ವೋಲ್ಟ್‌ನ ಈ ಮಾಸ್‌ಫೆಟ್ ಅದನ್ನು ತಡೆಯುತ್ತದೆ, 24 ವೋಲ್ಟ್ ಕೊಟ್ಟರೆ ಸುಡುತ್ತದೆ. ಸಪ್ಲೈ ನಿಧಾನಕ್ಕೆ ಏರಿದರೆ ಅಥವಾ ಕರೆಂಟ್ ಲಿಮಿಟ್‌ಗೆ ಸಿಕ್ಕಿದರೆ ಆಂದೋಲನ ಶುರುವಾಗದೆ ಎರಡೂ ಮಾಸ್‌ಫೆಟ್ ಆನ್ ಆಗಿಯೇ ಉಳಿಯುತ್ತವೆ, ಚೋಕ್ ಮೂಲಕ ಶಾರ್ಟ್ ಆದಂತೆ. ಹಾಗಾಗಿ ಸಪ್ಲೈ ಪೂರ್ತಿ ಏರಿದ ಮೇಲೆ ಸ್ವಿಚ್ ಹಾಕಬೇಕು. ನಡುವೆ 5 ಆಂಪ್ ಫ್ಯೂಸ್ ಇರಲಿ.

ಕೆಪ್ಯಾಸಿಟರ್ ವಿಷಯದಲ್ಲಿ ಜಿಪುಣತನ ಬೇಡ. ಕಾಯಿಲ್ ಮತ್ತು ಕೆಪ್ಯಾಸಿಟರ್ ನಡುವೆ ಓಡಾಡುವ ಕರೆಂಟ್‌ನ ಶಿಖರ 2.7 ಆಂಪ್‌ನಷ್ಟಿರುತ್ತದೆ. ಪಾಲಿಯೆಸ್ಟರ್ ಬಿಸಿಯಾಗುತ್ತದೆ, ಸಾಮಾನ್ಯ ಸೆರಾಮಿಕ್‌ನ ಕೆಪ್ಯಾಸಿಟೆನ್ಸೇ ವೋಲ್ಟೇಜ್ ಮತ್ತು ಶಾಖಕ್ಕೆ ಬದಲಾಗುತ್ತದೆ. ಪಾಲಿಪ್ರೊಪಿಲೀನ್ ಮಾತ್ರ ತಣ್ಣಗಿರುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ನ ಅಂಗಡಿಗಳಲ್ಲಿ ಇದನ್ನು ಸಿಬಿಬಿ ಎಂದು ಕೇಳಿ. ತಂತಿಯಲ್ಲೂ ಹೀಗೆಯೇ: ಈ ಫ್ರೀಕ್ವೆನ್ಸಿಯಲ್ಲಿ ಕರೆಂಟ್ ತಾಮ್ರದ ಹೊರಗಿನ 0.2 ಮಿ.ಮೀ. ಪದರದಲ್ಲೇ ಹರಿಯುವುದರಿಂದ, 21 ಗೇಜ್‌ನ ಒಂದೇ ತಂತಿಗಿಂತ 36 ಗೇಜ್‌ನ 18 ಎಳೆ ಹೊಸೆದದ್ದು ಮೇಲು. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಎನಾಮಲ್ ತಂತಿ ತೂಕಕ್ಕೆ ಸಿಗುತ್ತದೆ. ಪ್ರತಿ ಎಳೆಯ ತುದಿಯ ಎನಾಮಲ್ ಕೆರೆದು ಬೆಸುಗೆ ಹಾಕಬೇಕು, ಒಂದೆರಡು ಬಿಟ್ಟುಹೋದರೂ ಲಾಭ ಕರಗುತ್ತದೆ.

ರಿಸೀವರ್‌ಗೆ ಅದೇ ಕಾಯಿಲ್, ಅದೇ ಕೆಪ್ಯಾಸಿಟರ್, ಯುಎಫ್4007ರ ಬ್ರಿಡ್ಜ್. 1ಎನ್4007 ಹಾಕಬೇಡಿ, 9 ಮೈಕ್ರೊಸೆಕೆಂಡ್‌ನ ಈ ಆವರ್ತಕ್ಕೆ ಅದು ನಿಧಾನ. ಲೋಡ್ ತೆಗೆದಾಗ ವೋಲ್ಟೇಜ್ 12ನ್ನು ಮೀರಿ ಎಷ್ಟೋ ಮೇಲೇರುತ್ತದೆ. ಫಿಲ್ಟರ್‌ಗೆ 63 ವೋಲ್ಟ್‌ನ ಕೆಪ್ಯಾಸಿಟರ್ ಬಳಸಿ, ಲೋಡ್ ಇಲ್ಲದೆ ಆನ್ ಮಾಡಬೇಡಿ.