ಮಾದಪ್ಪನ ಬೆಟ್ಟಕ್ಕೆ ಜನರೇಟರ್ ಎಳೆಯುವ ಟ್ರೇಲರ್: ನಾಲ್ಕು ವರ್ಷ ಬಳಸಿದ ಮೇಲೆ

ಮಂಡ್ಯದಲ್ಲಿ ನಮ್ಮದು ಶಾಮಿಯಾನ, ಲೈಟಿಂಗ್ ಕೆಲಸ. 25 ಕೆವಿಎ ಜನರೇಟರನ್ನು ಎರಡು ಚಕ್ರದ ಟ್ರೇಲರ್ ಮೇಲೆ ಕೂರಿಸಿ, ಡೀಸೆಲ್ ಪಿಕಪ್ಪಿಗೆ ಕಟ್ಟಿಕೊಂಡು ಓಡಾಡುತ್ತೇವೆ. ಎಲ್ಲ ಸೇರಿ ತೂಕ ಸುಮಾರು 1,400 ಕೆಜಿ. ಮದ್ದೂರು, ಮಳವಳ್ಳಿ ಮದುವೆಗಳಿಗೆ ಯಾವ ಟ್ರೇಲರ್ ಆದರೂ ನಡೆಯುತ್ತದೆ. ಅದರ ಗುಣ ಗೊತ್ತಾಗುವುದು ಬೆಟ್ಟದಲ್ಲೇ.

ಹತ್ತುವುದು ದೊಡ್ಡ ವಿಷಯವಲ್ಲ. ತಾಳಬೆಟ್ಟದಿಂದ ಶುರುವಾಗುವ 27 ತಿರುವುಗಳಲ್ಲಿ ಸೆಕೆಂಡ್ ಗೇರು, ತೀರಾ ಕಡಿದಾದ ಕಡೆ ಫಸ್ಟು, ಅಷ್ಟೇ.

ಇಳಿಯುವುದೇ ಕಷ್ಟ. ನನ್ನ ಹಳೇ ಟ್ರೇಲರ್‌ಗೆ ಬ್ರೇಕೇ ಇರಲಿಲ್ಲ. ಒಂದು ಶಿವರಾತ್ರಿ ಜಾತ್ರೆ ಮುಗಿಸಿ ಥರ್ಡ್ ಗೇರಿನಲ್ಲಿ ಇಳಿಯುತ್ತಿದ್ದೆ, ಹಿಂದಿನಿಂದ ಯಾರೋ ಬಿಡದೆ ತಳ್ಳುತ್ತಿದ್ದ ಹಾಗೆ ಇತ್ತು, ಏಳೆಂಟು ತಿರುವು ಆಗುವಷ್ಟರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಒತ್ತಿದಷ್ಟೂ ಕೆಳಗೆ ಹೋಯಿತು. ಪಕ್ಕದಲ್ಲಿದ್ದ ತಮ್ಮ "ಅಣ್ಣಾ, ಗೇರ್ ಇಳ್ಸು, ಗೇರ್ ಇಳ್ಸು!" ಅಂತ ಕೂಗಿದ. ಸೆಕೆಂಡಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು, ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಬ್ರೇಕ್ ಆಯಿಲ್ ಬದಲಾಯಿಸಿ ಮೂರು ವರ್ಷ ಆಗಿತ್ತು, ತಪ್ಪು ನನ್ನದೇ. ಆ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಆಮೇಲೆ ಬಿಸಿಯಾದಾಗ ಬೇಗ ಕುದಿಯುತ್ತದೆ.

ಮುಂದಿನ ತಿಂಗಳೇ ಈ ಟ್ರೇಲರ್ ಮಾಡಿಸಿದೆ. ಇದಕ್ಕೆ ಓವರ್‌ರನ್ ಬ್ರೇಕ್ ಇದೆ. ಪಿಕಪ್ ನಿಧಾನವಾದರೆ ಟ್ರೇಲರ್ ಮುಂದಕ್ಕೆ ತಳ್ಳುತ್ತದೆ ಅಲ್ವಾ, ಆ ತಳ್ಳುವ ಬಲದಿಂದಲೇ ಹಿಚ್‌ನ, ಅಂದರೆ ಪಿಕಪ್ಪಿಗೆ ಕಟ್ಟುವ ಕೊಂಡಿಯ, ರಾಡ್ ಒಳಗೆ ಹೋಗಿ, ಕೇಬಲ್ ಎಳೆದು, ಟ್ರೇಲರ್‌ನ ಡ್ರಮ್ ಬ್ರೇಕ್ ಹಿಡಿಯುತ್ತದೆ. ವೈರಿಂಗ್ ಬೇಡ, ಏನೂ ಬೇಡ. ಮೊದಲ ಸಲ ಬೆಟ್ಟ ಇಳಿದಾಗಲೇ ಕಾಲಿಗೆ ವ್ಯತ್ಯಾಸ ಗೊತ್ತಾಯಿತು.

ತೊಂದರೆಯೂ ಇದೆ. ರಿವರ್ಸ್ ತೆಗೆದರೆ ತಳ್ಳಿದೆ ಅಂದುಕೊಂಡು ಬ್ರೇಕ್ ಹಿಡಿಯುತ್ತದೆ, ಇಳಿದು ಹೋಗಿ ಲಾಕ್ ಹಾಕಿ ಬರಬೇಕು. ಉದ್ದದ ಇಳಿಜಾರಿನಲ್ಲಿ ಗೇರಿನಲ್ಲಿ ಇಳಿದರೂ ಬ್ರೇಕ್ ಹಿಡಿದುಕೊಂಡೇ ಇರುತ್ತದೆ, ಡ್ರಮ್ ಕಾಯುತ್ತದೆ. ಹಾಗಾಗಿ ನಡುವೆ ಎರಡು ಕಡೆ ನಿಲ್ಲಿಸಿ ಆರಿಸುತ್ತೇನೆ, ಹತ್ತುವವರಿಗೆ ಮೊದಲು ದಾರಿ ಬಿಡುತ್ತೇನೆ. ಊಟಿಗೆ ಹೋದಾಗ ಕಲ್ಲಟ್ಟಿಯ 36 ತಿರುವುಗಳ ದಾರಿ ಬಿಟ್ಟು, ದೂರ ಆದರೂ ಗೂಡಲೂರು ಮೇಲೆಯೇ ಹೋಗುತ್ತೇನೆ. ಬಂಡೀಪುರ ಗೇಟ್ ರಾತ್ರಿ 9ಕ್ಕೆ ಮುಚ್ಚುತ್ತದೆ, ಬೆಳಿಗ್ಗೆ 6ಕ್ಕೇ ತೆಗೆಯುವುದು. ಆ ಲೆಕ್ಕ ಇಟ್ಟುಕೊಂಡೇ ಹೊರಡಬೇಕು, ಇಳಿಜಾರಿನಲ್ಲಿ ಅವಸರ ಮಾಡುವ ಹಾಗಿಲ್ಲ.

ತೂಕ ಎಲ್ಲಿ ಕೂರುತ್ತದೆ ಅನ್ನುವುದೂ ಮುಖ್ಯ. ಶುರುವಿನಲ್ಲಿ ಜನರೇಟರ್ ಸರಿಯಾಗಿ ಆಕ್ಸಲ್ ಮೇಲೆ ಕೂರಿಸಿದ್ದರು. ಮೈಸೂರು ರೋಡಿನಲ್ಲಿ 60 ದಾಟಿದರೆ ಸಾಕು, ಹಿಂದೆ ಬಾಲ ಅಲ್ಲಾಡಿಸಿದ ಹಾಗೆ ಓಲಾಡುತ್ತಿತ್ತು. ಆಲೆಮನೆಯ ತೂಕದ ಯಂತ್ರದ ಮೇಲೆ ಟ್ರೇಲರ್‌ನ ಮೂತಿ, ಅಂದರೆ ಹಿಚ್ ಇರುವ ಮುಂದಿನ ತುದಿ, ಇಟ್ಟು ನೋಡಿದರೆ ಬರೀ 45 ಕೆಜಿ. ಒಟ್ಟು ತೂಕದ ಹತ್ತನೇ ಒಂದು ಭಾಗವಾದರೂ ಮೂತಿಯ ಮೇಲೆ ಬೀಳಬೇಕು. ಜನರೇಟರನ್ನು ಮುಂದಕ್ಕೆ ಸರಿಸಿ 140ಕ್ಕೆ ತಂದೆ, ಓಲಾಟ ನಿಂತಿತು.

ನಾಲ್ಕು ವರ್ಷದಲ್ಲಿ ಒಂದು ಜೊತೆ ಬ್ರೇಕ್ ಲೈನರ್, ಎರಡು ಟೈರ್, ಒಂದು ಕೇಬಲ್ ಬದಲಾಯಿಸಿದ್ದೇನೆ. ಕೇಬಲ್ ಹಿಗ್ಗುತ್ತಾ ಇರುತ್ತದೆ. ಈಗ ಇಳಿಯುವಾಗ ನಿಲ್ಲಿಸಿದ ಕಡೆ ತಮ್ಮ ಇಳಿದು ಎರಡೂ ಡ್ರಮ್ ಹತ್ತಿರ ಕೈ ಹಿಡಿದು ನೋಡುತ್ತಾನೆ, ಮುಟ್ಟುವುದಿಲ್ಲ. ಒಂದು ಕಡೆ ಬಿಸಿ ಹೊಡೆದು ಇನ್ನೊಂದು ಕಡೆ ತಣ್ಣಗಿದ್ದರೆ, ತಣ್ಣಗಿರುವ ಚಕ್ರದ ಕೇಬಲ್ ಸಡಿಲವಾಗಿದೆ ಅಂತಲೇ ಲೆಕ್ಕ. ಅಲ್ಲೇ ನಟ್ ಬಿಗಿ ಮಾಡಿ ಮುಂದೆ ಹೊರಡುತ್ತೇವೆ.