ಕಾರ್ಬನ್ ಸೈಕಲ್ ಫ್ರೇಮ್: ವಿಜಯಪುರದ ರಸ್ತೆಗೆ ಯಾವುದು ಸರಿ?

ಬ್ರ್ಯಾಂಡ್ ಇಲ್ಲದ ಓಪನ್ ಮೋಲ್ಡ್ (ಒಂದೇ ಅಚ್ಚಿನಲ್ಲಿ ತಯಾರಿಸಿ ಯಾರಿಗೆ ಬೇಕಾದರೂ ಮಾರುವ) ಕಾರ್ಬನ್ ಫ್ರೇಮ್ ಕೊಳ್ಳುವವರು ತೂಕಕ್ಕಿಂತ ಮೊದಲು ಬಾಟಮ್ ಬ್ರ್ಯಾಕೆಟ್ (ಪೆಡಲ್ ಕ್ರ್ಯಾಂಕ್ ತಿರುಗುವ ಬೇರಿಂಗ್ ಭಾಗ) ನೋಡಬೇಕು. ಬೇರಿಂಗ್ ಕಪ್ ಒತ್ತಿ ಕೂರಿಸುವ ಬಿಬಿ86 ಮಾದರಿಯಲ್ಲಿ ಶೆಲ್‌ನ (ಬೇರಿಂಗ್ ಕೂರುವ ಫ್ರೇಮ್ ಕೊಳವೆಯ) ಒಳವ್ಯಾಸ 41 ಮಿ.ಮೀ.; ಕೂದಲೆಳೆಯಷ್ಟು ಹೆಚ್ಚಾದರೂ ಬೇರಿಂಗ್ ಕಪ್ ಅಲುಗಾಡಿ ಕಿರ್ ಕಿರ್ ಶುರುವಾಗುತ್ತದೆ. ಎರೆಮಣ್ಣಿನ ಧೂಳು ಸೇರಿದರಂತೂ ಕೇಳಲೇಬೇಡಿ. 68 ಮಿ.ಮೀ. ಅಗಲದ, ಥ್ರೆಡ್ ಇರುವ ಬಿಎಸ್‌ಎ ಮಾದರಿಯ ಶೆಲ್ಲೇ ನಮ್ಮ ಆಯ್ಕೆ: ಸರಿಯಾದ ಪಾನಾ ಇದ್ದರೆ ಊರಲ್ಲೇ ಬಿಚ್ಚಿ ಕಟ್ಟಬಹುದು. ನಮ್ಮ ಕಡೆಯ ಒಳರಸ್ತೆಯ ಕಡಿಗೆ 25 ಸಾಲದು, 32 ಮಿ.ಮೀ. ಟೈರ್ ಹಿಡಿಸಬೇಕು. ಸೈಜ್ 54, 56 ಎಂಬುದನ್ನಷ್ಟೇ ನಂಬದೆ ಸ್ಟ್ಯಾಕ್, ರೀಚ್ (ಬಾಟಮ್ ಬ್ರ್ಯಾಕೆಟ್‌ನಿಂದ ಹ್ಯಾಂಡಲ್ ಕೊಳವೆಯ ಮೇಲ್ತುದಿಗೆ ಇರುವ ಎತ್ತರ ಮತ್ತು ಅಡ್ಡ ದೂರ) ಹೋಲಿಸಿ.

ಕಾರ್ಬನ್ ಸೀಟ್‌ಪೋಸ್ಟ್‌ಗೆ ಗ್ರೀಸ್ ಬೇಡ, ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್ ಹಚ್ಚಿ. ಕ್ಲಾಂಪ್ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್, ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಮೀರಿದರೆ ಟ್ಯೂಬ್ ಸೀಳಬಹುದು. ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮ್‌ಗೆ ಸಿಕ್ಕಿಸುವ ತುಂಡು) ಇನ್ನೊಂದನ್ನು ಫ್ರೇಮ್ ಜೊತೆಗೇ ತರಿಸಿ. ಅದೇ ಆಕಾರದ್ದು ಆಮೇಲೆ ಸಿಗುವುದು ಕಷ್ಟ.