ಗೋಣಿಕೊಪ್ಪಲಿನ ಬಿಲ್ ಕೌಂಟರಿನಲ್ಲಿ ತಿರುಗುವ ಚೀಲದ ಸ್ಟ್ಯಾಂಡು

ಕೊಡಗಿನ ಗೋಣಿಕೊಪ್ಪಲಿನ ಮುಖ್ಯರಸ್ತೆಯಲ್ಲಿರುವ ಸೂಪರ್ ಮಾರ್ಕೆಟ್ಟೊಂದು ಕಳೆದ ಮಳೆಗಾಲಕ್ಕೆ ಮುಂಚೆ ತನ್ನ ಒಳಾಂಗಣವನ್ನು ಹೊಸದು ಮಾಡಿದಾಗ, ಮೂರು ಬಿಲ್ ಕೌಂಟರುಗಳ ಪೈಕಿ ಎರಡಕ್ಕೆ ತಿರುಗುವ ಚೀಲದ ಸ್ಟ್ಯಾಂಡುಗಳನ್ನು ಅಳವಡಿಸಿತು. ಮೂರನೆಯದು ಹಳೆಯ ಕ್ರಮದಲ್ಲೇ ಉಳಿದಿದೆ. ಅಲ್ಲಿ ಬಿಲ್ ಆದ ಸಾಮಾನು ಉದ್ದನೆಯ ಸ್ಟೀಲ್ ಕಟ್ಟೆಯ ಮೇಲೆ ಜಾರಿ ಬಂದು ಗುಡ್ಡೆಯಾಗುತ್ತದೆ, ಅದನ್ನು ಯಾರಾದರೂ ಚೀಲಕ್ಕೆ ತುಂಬಬೇಕು. ನಮ್ಮ ಮನೆಯ ತಿಂಗಳ ಸಾಮಾನೂ ಕಾಫಿ ತೋಟದ ಕೆಲಸಗಾರರು ವಾಸಿಸುವ ಲೈನ್‌ಮನೆಗಳಿಗೆ ಬೇಕಾದ ದಿನಸಿಯೂ ಬಹುಮಟ್ಟಿಗೆ ಈ ಅಂಗಡಿಯಿಂದಲೇ ಬರುವುದರಿಂದ ಎರಡೂ ಬಗೆಯ ಕೌಂಟರುಗಳನ್ನು ಹತ್ತಿರದಿಂದ ನೋಡಿದ್ದೇನೆ. ಅಂಗಡಿಯ ಬೇಳೆ, ಬೆಲ್ಲ, ಎಣ್ಣೆಗಳ ಗುಣಮಟ್ಟದ ಬಗ್ಗೆ ಹೇಳುವುದು ಇಲ್ಲಿನ ಉದ್ದೇಶವಲ್ಲ. ಬಿಲ್ ಹಾಕುವ ಜಾಗದಿಂದ ಹೊರಬಾಗಿಲವರೆಗಿನ ಕೆಲವೇ ಅಡಿಗಳ ವ್ಯವಹಾರವಷ್ಟೇ ಈ ವಿಮರ್ಶೆಯ ವಸ್ತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಮೂರು ನಾಲ್ಕು ಚೀಲಗಳೊಳಗೆ ಮುಗಿಯುವ ಖರೀದಿಗೆ ಈ ಸ್ಟ್ಯಾಂಡು ನಿಜಕ್ಕೂ ಒಳ್ಳೆಯ ಸಾಧನ. ಅದಕ್ಕಿಂತ ದೊಡ್ಡ ಖರೀದಿಗೆ ಅದರಿಂದ ಉಪಕಾರಕ್ಕಿಂತ ಅಡ್ಡಿಯೇ ಹೆಚ್ಚು. ಇದು ಬಂತೆಂಬ ಕಾರಣಕ್ಕೆ ಚೀಲ ತುಂಬುವ ಹುಡುಗರನ್ನು ಆ ಎರಡು ಕೌಂಟರುಗಳಿಂದ ತೆಗೆದದ್ದಂತೂ ಸರಿಯಾದ ಲೆಕ್ಕಾಚಾರವಲ್ಲ. ಐದರಲ್ಲಿ ಮೂರು ಅಂಕ ಕೊಡಬಹುದು.

ಸ್ಟ್ಯಾಂಡಿನ ರಚನೆ ಸರಳವಾಗಿದೆ. ನೆಲಕ್ಕೆ ಬೋಲ್ಟ್ ಮಾಡಿದ ಒಂದು ಕಂಬ, ಅದರ ಮೇಲೆ ಬೇರಿಂಗ್ ಆಧಾರದಲ್ಲಿ ತಿರುಗುವ ಒಂದು ದುಂಡು ತಟ್ಟೆ, ತಟ್ಟೆಯ ಮೇಲೆ ನಾಲ್ಕು ಮುಖಗಳು. ಎರಡು ಮುಖಗಳ ನಡುವೆ ಮೊಣಕೈ ಎತ್ತರದ ತಂತಿಯ ಅಡ್ಡಗೋಡೆ ಇದೆ. ಪ್ರತಿ ಮುಖದಲ್ಲೂ ಮುಂದಕ್ಕೆ ಚಾಚಿದ ಎರಡು ಕಂಬಿಗಳಿದ್ದು, ಚೀಲದ ಎರಡು ಹಿಡಿಗಳನ್ನು ಅವುಗಳಿಗೆ ಸಿಕ್ಕಿಸಿದರೆ ಚೀಲ ಬಾಯಿ ತೆರೆದುಕೊಂಡು, ತಳವನ್ನು ತಟ್ಟೆಯ ಮೇಲೆ ಊರಿ ನಿಲ್ಲುತ್ತದೆ. ಬಿಲ್ ಹಾಕುವಾಕೆ ಒಂದು ಪೊಟ್ಟಣವನ್ನು ಸ್ಕ್ಯಾನರಿನ ಗಾಜಿನ ಮೇಲೆ ಹಾಯಿಸಿ, ಬೀಪ್ ಶಬ್ದ ಕೇಳಿದ ಕೂಡಲೇ ಅದೇ ಕೈಚಲನೆಯಲ್ಲಿ ಎದುರಿಗಿರುವ ಚೀಲಕ್ಕೆ ಇಳಿಸುತ್ತಾಳೆ. ಚೀಲ ತುಂಬಿದಾಗ ಅಡ್ಡಗೋಡೆಯನ್ನು ಬೆರಳಿನಿಂದ ತಳ್ಳಿದರೆ ತಟ್ಟೆ ಕಾಲು ಸುತ್ತು ತಿರುಗಿ, ಸಣ್ಣ ಟಕ್ ಶಬ್ದದೊಂದಿಗೆ ಕಚ್ಚಿಗೆ ಬಿದ್ದು ನಿಲ್ಲುತ್ತದೆ. ತುಂಬಿದ ಚೀಲ ಗ್ರಾಹಕನ ಕಡೆಗೆ ಬರುತ್ತದೆ, ಖಾಲಿ ಚೀಲ ಆಕೆಯ ಎದುರಿಗೆ ಬರುತ್ತದೆ. ಕರೆಂಟು, ಮೋಟಾರು ಯಾವುದೂ ಇದಕ್ಕೆ ಬೇಡ. ಮಳೆಗಾಲದಲ್ಲಿ ದಿನಕ್ಕೆಷ್ಟು ಸಲ ಕರೆಂಟು ಹೋಗುತ್ತದೆಂದು ಬಲ್ಲ ನಮ್ಮ ಕಡೆಯವರಿಗೆ ಇದೂ ಒಂದು ಸಮಾಧಾನ.

ಇದರಿಂದ ಉಳಿಯುವುದು ಮುಖ್ಯವಾಗಿ ಒಂದು ಕೆಲಸ. ಹಳೆಯ ಕೌಂಟರಿನಲ್ಲಿ ಪ್ರತಿಯೊಂದು ವಸ್ತುವನ್ನೂ ಎರಡು ಸಲ ಮುಟ್ಟಬೇಕು, ಬಿಲ್ ಹಾಕುವಾಗ ಒಮ್ಮೆ ಮತ್ತು ತುಂಬುವಾಗ ಇನ್ನೊಮ್ಮೆ. ಸ್ಟ್ಯಾಂಡು ಇರುವಲ್ಲಿ ಒಂದೇ ಸಲ ಮುಟ್ಟಿದರೆ ಮುಗಿಯಿತು. ಬಿಲ್ಲಿನ ಕೊನೆಯ ಸಾಲು ಮುದ್ರಣವಾಗುವ ಹೊತ್ತಿಗೆ ಸಾಮಾನೆಲ್ಲ ಚೀಲದೊಳಗಿರುತ್ತದೆ, ಹಣ ಕೊಟ್ಟ ಮೇಲೆ ಗುಡ್ಡೆಯ ಮುಂದೆ ಪರದಾಡುವುದಿಲ್ಲ, ಹಿಂದಿನ ಗ್ರಾಹಕರ ಉಪ್ಪಿನ ಪ್ಯಾಕೆಟ್ಟು ನಮ್ಮ ಗುಡ್ಡೆಗೆ ಸೇರುವ ಪ್ರಮೇಯವೂ ಇಲ್ಲ.

ಆದರೆ ಈ ಸಾಧನ ಹುಟ್ಟಿದ್ದು ನಾವು ಬಳಸುವ ಚೀಲಗಳಿಗಾಗಿ ಅಲ್ಲ ಎಂಬುದನ್ನು ಗಮನಿಸದೆ ಇದರ ಗುಣದೋಷಗಳನ್ನು ತೂಗಲಾಗದು. ಇಂದು ನಾವು ಕವರ್ ಎಂದು ಕರೆಯುವ, ಬನಿಯನ್ನಿನಂತೆ ಎರಡು ಹಿಡಿಗಳುಳ್ಳ ತೆಳು ಪ್ಲಾಸ್ಟಿಕ್ ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್. ಸೆಲ್ಲೋಪ್ಲಾಸ್ಟ್ ಎಂಬ ಕಂಪನಿ 1965ರಲ್ಲಿ ಅದಕ್ಕೆ ಪೇಟೆಂಟ್ ಪಡೆಯಿತು. 1980ರ ದಶಕದಲ್ಲಿ ಅಮೆರಿಕದ ದೊಡ್ಡ ದಿನಸಿ ಮಳಿಗೆಗಳು ಕಾಗದದ ಚೀಲವನ್ನು ಬಿಟ್ಟು ಈ ಕವರಿಗೆ ಬದಲಾದವು. ವಾಲ್‌ಮಾರ್ಟ್‌ನಂಥ ಮಳಿಗೆಗಳಲ್ಲಿ ಜನ ದಶಕಗಳಿಂದ ನೋಡುತ್ತ ಬಂದ ತಿರುಗುವ ಸ್ಟ್ಯಾಂಡು ಆ ಕವರಿಗೆಂದೇ ಅಳತೆ ಮಾಡಿದ್ದು. ಅಲ್ಲಿ ಕವರುಗಳು ಕಟ್ಟುಕಟ್ಟಾಗಿ ಬರುತ್ತವೆ. ಕಟ್ಟನ್ನು ನಡುವಿನ ಕೊಕ್ಕೆಗೆ ನೇತುಹಾಕಿ, ಹಿಡಿಗಳನ್ನು ಕಂಬಿಗಳಿಗೆ ಪೋಣಿಸಿಟ್ಟರೆ, ಮುಂದಿನ ಕವರನ್ನು ಎಳೆದುಕೊಳ್ಳುವಾಗ ಅದು ತನ್ನ ಹಿಂದಿನದರ ಬಾಯನ್ನು ತಾನೇ ತೆರೆಯುತ್ತದೆ. ಆ ಸ್ಟ್ಯಾಂಡಿನ ಅರ್ಧ ವೇಗವಿರುವುದು ಈ ಉಪಾಯದಲ್ಲಿ.

ನಮ್ಮಲ್ಲಿ ಆ ಉಪಾಯ ನಡೆಯುವುದಿಲ್ಲ. ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲವನ್ನು ಕರ್ನಾಟಕ ಸರ್ಕಾರ 2016ರ ಮಾರ್ಚ್ ತಿಂಗಳಲ್ಲೇ ನಿಷೇಧಿಸಿತು. ಕೇಂದ್ರದ ನಿಯಮವೂ ಕನಿಷ್ಠ ದಪ್ಪವನ್ನು 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನಿಗೆ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗೆ ಏರಿಸಿತು. ಸಂತೆಯಲ್ಲಿ ಮೀನಿಗೂ ಸೊಪ್ಪಿಗೂ ತೆಳು ಕವರು ಇನ್ನೂ ಕೈಗೆ ಬರುತ್ತದೆ ಎಂಬುದು ಬೇರೆ ಮಾತು. ಬಿಲ್ ಕೊಡುವ ದೊಡ್ಡ ಅಂಗಡಿ ಆ ಧೈರ್ಯ ಮಾಡಲಾರದು. ಹಾಗಾಗಿ ಇಲ್ಲಿ ಕಂಬಿಗಳಿಗೆ ಸಿಕ್ಕಿಸುವುದು ಅಂಗಡಿ ಮಾರುವ ದಪ್ಪ ಬಟ್ಟೆಯ ಚೀಲವನ್ನು, ಇಲ್ಲವೇ ಗ್ರಾಹಕರು ಮನೆಯಿಂದ ತಂದ ಚೀಲವನ್ನು.

ಬಟ್ಟೆ ಚೀಲ ತಾನಾಗಿ ಬಾಯಿ ತೆರೆಯುವುದಿಲ್ಲ. ಮಡಿಕೆ ಬಿಡಿಸಿ, ಒಳಗೆ ಕೈ ಹಾಕಿ ತಳವನ್ನು ಕೆಳಕ್ಕೆ ಒತ್ತಿ, ಹಿಡಿಗಳನ್ನು ಒಂದೊಂದಾಗಿ ಸಿಕ್ಕಿಸಬೇಕು. ಅಂಗಡಿಯವರು ಇದಕ್ಕೆ ಕಂಡುಕೊಂಡ ದಾರಿ ಮೆಚ್ಚುವಂಥದ್ದು. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಪ್ರತಿ ಮುಖಕ್ಕೂ ಹತ್ತಾರು ಚೀಲಗಳನ್ನು ಒಂದರ ಹಿಂದೊಂದು ಪೋಣಿಸಿ, ಮುಂದಿನದರ ಬಾಯಿಯನ್ನು ಮಾತ್ರ ತೆರೆದಿಡುತ್ತಾರೆ. ಮನೆಯ ಚೀಲ ತಂದವರಿಗಾಗಿ ಕಂಬಿಯ ತುದಿಯಲ್ಲಿ ಮೇಲಕ್ಕೆ ಬಾಗಿದ ಇನ್ನೊಂದು ಕೊಕ್ಕೆಯನ್ನು ಬೆಸುಗೆ ಹಾಕಿಸಿದ್ದಾರೆ. ಪೇಟೆಯ ವೆಲ್ಡಿಂಗ್ ಅಂಗಡಿಯ ಕೆಲಸವಿರಬೇಕು, ಬೆಸುಗೆಯ ಗಂಟು ಒರಟಾಗಿಯೇ ಉಳಿದಿದೆ. ಆದರೆ ಉದ್ದ ಹಿಡಿಯ ಜೋಳಿಗೆಯಂಥ ಚೀಲಗಳು ಕಂಬಿಯಿಂದ ಜಾರಿ ಬೀಳದೆ ನಿಲ್ಲುವುದು ಆ ಒರಟು ಕೊಕ್ಕೆಯಿಂದಲೇ. ಕಂಪನಿಯಿಂದ ಬಂದ ಮಾಲಿಗಿಂತ ಈ ಒಂದು ತಿದ್ದುಪಡಿಯೇ ಹೆಚ್ಚು ಪ್ರಯೋಜನಕ್ಕೆ ಬಂದಿದೆ ಎನ್ನಬೇಕು.

ನಾಲ್ಕು ಮುಖಗಳ ನಿಜವಾದ ಲಾಭ ವೇಗಕ್ಕಿಂತ ಹೆಚ್ಚಾಗಿ ವಿಂಗಡಣೆಯಲ್ಲಿದೆ. ಕೈ ಪಳಗಿದವರು ಎದುರಿಗಿನ ಚೀಲ ತುಂಬುವವರೆಗೂ ಕಾಯುವುದಿಲ್ಲ. ಸಾಮಾನಿನ ಜಾತಿ ನೋಡಿ ತಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾರೆ. ಅಕ್ಕಿ, ಬೇಳೆ, ಸಕ್ಕರೆ ಒಂದು ಮುಖಕ್ಕೆ, ಸೋಪು, ಫಿನಾಯಿಲು, ಸೊಳ್ಳೆಬತ್ತಿ ಇನ್ನೊಂದಕ್ಕೆ, ತರಕಾರಿ ಮತ್ತೊಂದಕ್ಕೆ, ಹಾಲು, ಮೊಸರು, ತಣ್ಣಗಿನ ಮಾಂಸದ ಪ್ಯಾಕೆಟ್ಟು ಕೊನೆಯದಕ್ಕೆ. ಎರಡನೆಯ ಕೌಂಟರಿನಲ್ಲಿ ಸಾಮಾನ್ಯವಾಗಿ ಇರುವ ಹೆಂಗಸಿನ ಕೈಕೆಲಸವನ್ನು ನೋಡುವುದೇ ಒಂದು ಪಾಠ. ಕಾಚಂಪುಳಿಯ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಬಾಟಲಿ ಬಂದರೆ ಮೊದಲು ಮುಚ್ಚಳವನ್ನೊಮ್ಮೆ ಬಿಗಿ ಮಾಡಿ, ಬೇಳೆಯ ಎರಡು ಪ್ಯಾಕೆಟ್ಟುಗಳ ನಡುವೆ ನೆಟ್ಟಗೆ ನಿಲ್ಲಿಸುತ್ತಾರೆ. ಮೊಟ್ಟೆಯನ್ನು ಬಿಲ್ ಮಾಡಿ ಬದಿಗಿಟ್ಟುಕೊಂಡು ಎಲ್ಲ ಮುಗಿದ ಮೇಲೆ ತರಕಾರಿಯ ಮೇಲೆ ಇಡುತ್ತಾರೆ. ಕಾಫಿಪುಡಿ ಎಂದಿಗೂ ಸೋಪಿನ ಚೀಲಕ್ಕೆ ಹೋಗುವುದಿಲ್ಲ. ಕಾಫಿಯ ನಾಡಿನಲ್ಲಿ ಈ ಕೊನೆಯ ತಪ್ಪನ್ನು ಯಾವ ಗ್ರಾಹಕನೂ ಕ್ಷಮಿಸಲಾರ, ಆದರೂ ಒಂದನೆಯ ಕೌಂಟರಿನಲ್ಲಿ ಅದು ಆಗಾಗ ನಡೆಯುತ್ತದೆ. ಸಾಧನ ಒಂದೇ, ತರಬೇತಿ ಒಂದೇ ಅಲ್ಲ.

ಇನ್ನು ದೋಷಗಳಿಗೆ ಬರೋಣ. ಎಲ್ಲಕ್ಕಿಂತ ದೊಡ್ಡದು ಮರೆವಿಗೆ ಅವಕಾಶ ಕೊಡುವ ಅದರ ಆಕಾರ. ನಾಲ್ಕು ಮುಖಗಳಲ್ಲಿ ಗ್ರಾಹಕನಿಗೆ ಒಮ್ಮೆಗೆ ಕಾಣುವುದು ಒಂದು, ಹೆಚ್ಚೆಂದರೆ ಎರಡು. ಅಡ್ಡಗೋಡೆಯ ಮರೆಯಲ್ಲಿ, ಬಿಲ್ ಹಾಕುವವರ ಕಡೆ ಉಳಿದ ಚೀಲ ಇಬ್ಬರ ಗಮನಕ್ಕೂ ಬಾರದೆ ಹೋಗುತ್ತದೆ. ಅದೂ ಆ ಚೀಲದಲ್ಲಿ ಒಂದೇ ಒಂದು ಸಣ್ಣ ವಸ್ತುವಿದ್ದರೆ ಕೇಳುವುದೇ ಬೇಡ. ಸ್ಟ್ಯಾಂಡು ಬಳಸುವ ಅಮೆರಿಕದ ಮಳಿಗೆಗಳಲ್ಲೂ ಗ್ರಾಹಕರ ಹಳೆಯ ದೂರು ಇದೇ. ನಮ್ಮ ಮನೆಗೆ ಬರಬೇಕಾಗಿದ್ದ ಬೆಣ್ಣೆಯ ಚೀಲ ಹೀಗೆ ಒಮ್ಮೆ ಅಲ್ಲೇ ಉಳಿದು, ಹಿಂದೆ ನಿಂತಿದ್ದ ಅಪರಿಚಿತರ ಜೊತೆ ಹೋಗುವುದರಲ್ಲಿತ್ತು. "ಅಣ್ಣಾ, ನಿಮ್ದು ಇನ್ನೊಂದು ಚೀಲ ಉಂಟು" ಎಂದು ಬಾಗಿಲ ಬಳಿ ಕೂಗಿ ಕರೆದವನು ಬಿಲ್ಲಿಗೆ ಮೊಹರು ಹಾಕುವ ಕಾವಲುಗಾರ. ಪರಿಹಾರ ಕಷ್ಟವೇನಲ್ಲ. ಹಣ ಪಡೆದ ಮೇಲೆ ತಟ್ಟೆಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ತೋರಿಸುವುದನ್ನು ರೂಢಿ ಮಾಡಿದರೆ ಸಾಕು. ಎರಡನೆಯ ಕೌಂಟರಿನವರು ಹಾಗೆ ಮಾಡುತ್ತಾರೆ. ಉಳಿದವರಿಗೂ ಅದನ್ನು ನಿಯಮವಾಗಿ ಹೇಳಬೇಕು.

ಎರಡನೆಯ ದೋಷ ಭಾರಕ್ಕೆ ಸಂಬಂಧಿಸಿದ್ದು. ಖಾಲಿ ತಟ್ಟೆ ಬೆರಳು ತಾಕಿದರೆ ತಿರುಗುತ್ತದೆ, ಆದರೆ ಒಂದು ಮುಖದಲ್ಲಿ ಐದು ಕೆಜಿ ಅಕ್ಕಿ, ಪಕ್ಕದ ಮುಖದಲ್ಲಿ ಐದು ಲೀಟರ್ ಎಣ್ಣೆ ಕ್ಯಾನು ಕುಳಿತ ಮೇಲೆ ಅದನ್ನು ಹೊರಡಿಸುವುದೂ ಕಷ್ಟ, ಹೊರಟ ಮೇಲೆ ನಿಲ್ಲಿಸುವುದೂ ಕಷ್ಟ. ಭಾರ ಕಂಬದಿಂದ ದೂರ, ತಟ್ಟೆಯ ಅಂಚಿನಲ್ಲಿ ಇರುವುದರಿಂದ ಕಚ್ಚು ಹಿಡಿಯದೆ ಮುಂದಕ್ಕೆ ಜಾರುತ್ತದೆ. ಒಂದೇ ಪಕ್ಕಕ್ಕೆ ಭಾರ ಬಿದ್ದಾಗ ಕಂಬ ಓಲಾಡುವುದೂ ಉಂಟು. ಭಾರದ ಚೀಲಗಳನ್ನು ಎದುರುಬದುರು ಮುಖಗಳಿಗೆ ಹಾಕಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಿರಿಕಿರಿ ಸೇರುತ್ತದೆ: ಗ್ರಾಹಕರು ಒದ್ದೆ ಕೊಡೆಯನ್ನು ಅಡ್ಡಗೋಡೆಗೆ ತಗುಲಿಸುತ್ತಾರೆ, ನೀರು ತಟ್ಟೆಯ ಮೇಲೆ ಇಳಿಯುತ್ತದೆ, ಕೆಳಗಿಟ್ಟ ಚೀಲಗಳ ತಳ ನೆನೆಯುತ್ತದೆ. ಬಾಗಿಲಲ್ಲೇ ಒಂದು ಕೊಡೆ ಬುಟ್ಟಿ ಇಟ್ಟರೆ ಮುಗಿಯುವ ಕೆಲಸವಿದು.

ತೋಟದ ಖರೀದಿಯ ವಿಷಯದಲ್ಲಿ ಸ್ಟ್ಯಾಂಡಿನ ಮಿತಿ ಪೂರ್ತಿಯಾಗಿ ಬಯಲಾಗುತ್ತದೆ. ಇಲ್ಲಿ ಭಾನುವಾರ ಸಂತೆಯ ದಿನ. ಸುತ್ತಲಿನ ತೋಟಗಳ ಕೆಲಸಗಾರರೂ ಲೆಕ್ಕ ಬರೆಯುವ ರೈಟರುಗಳೂ ಬಟವಾಡೆಯ ಹಣ ಹಿಡಿದು ಪೇಟೆಗೆ ಬರುವುದು, ಹೊರಗೆ ಜೀಪುಗಳು ಸಾಲುಗಟ್ಟುವುದು ಅಂದೇ. ಒಬ್ಬೊಬ್ಬರ ಟ್ರಾಲಿಯಲ್ಲಿ ನಾಲ್ಕೈದು ಮನೆಗಳ ಸಾಮಾನಿರುತ್ತದೆ, ಇಪ್ಪತ್ತೈದು ಕೆಜಿಯ ಅಕ್ಕಿ ಮೂಟೆ ಇರುತ್ತದೆ. ಮೂಟೆ ತಟ್ಟೆಯ ಮೇಲೆ ಕೂರುವುದಿಲ್ಲ. ನಾಲ್ಕು ಮುಖಗಳೂ ತುಂಬಿದ ಮೇಲೆ ಗ್ರಾಹಕ ಚೀಲಗಳನ್ನು ಎತ್ತಿ ಟ್ರಾಲಿಗೆ ಹಾಕಿ, ಹೊಸ ಚೀಲದ ಬಾಯಿ ಬಿಡಿಸುವವರೆಗೆ ಬಿಲ್ ಹಾಕುವುದು ನಿಲ್ಲುತ್ತದೆ. ಮನೆಮನೆಯ ಸಾಮಾನನ್ನು ಬೇರೆಬೇರೆ ಕಟ್ಟಿಸಬೇಕೆಂದರೆ ಸಾಲಿನಲ್ಲಿ ಹಿಂದಿರುವವರ ಗೊಣಗಾಟ ಕೇಳಬೇಕು. ಹಳೆಯ ಕೌಂಟರಿನ ಕಟ್ಟೆಯಲ್ಲಿ ಈ ಕಷ್ಟವಿಲ್ಲ, ಅಲ್ಲಿ ಸಾಮಾನು ಹರಡಿಕೊಳ್ಳಲು ಜಾಗವಿದೆ, ತುಂಬಲು ಒಬ್ಬ ಹುಡುಗ ಇದ್ದಾನೆ, ಮೂಟೆಯನ್ನು ಜೀಪಿನವರೆಗೆ ಹೊರುವವನೂ ಅವನೇ.

ಈ ಹುಡುಗರ ವಿಷಯಕ್ಕೆ ಬಂದರೆ ನನ್ನ ಮುಖ್ಯ ತಕರಾರು ಇರುವುದು ಅಲ್ಲಿಯೇ. ತಿರುಗುವ ಸ್ಟ್ಯಾಂಡು ಇಬ್ಬರ ಕೆಲಸವನ್ನು ಒಬ್ಬರಿಗೆ ವಹಿಸುವ ಸಾಧನ. ಪ್ಲಾಸ್ಟಿಕ್ ಕವರಿನ ಕಾಲದಲ್ಲಿ ಆ ಎರಡನೆಯ ಕೆಲಸ ಹಗುರವಾಗಿತ್ತು. ಬಟ್ಟೆ ಚೀಲ ಬಂದ ಮೇಲೆ ಅದು ಮತ್ತೆ ಭಾರವಾಗಿದೆ. ಚೀಲ ಬಿಡಿಸುವುದು, ಮನೆಯಿಂದ ತಂದ ಚೀಲದಲ್ಲಿ ಮೊದಲೇ ಏನಾದರೂ ಇದೆಯೇ ಎಂದು ಇಣುಕುವುದು, ತಟ್ಟೆ ತಳ್ಳುವುದು, ನಡುವೆ ಚಿಲ್ಲರೆ ಎಣಿಸುವುದು, ಫೋನ್‌ಪೇ ಬಂತೇ ಎಂದು ಕಾಯುವುದು, ಎಲ್ಲವೂ ದಿನವಿಡೀ ನಿಂತೇ ಇರುವ ಒಬ್ಬ ಹೆಂಗಸಿನ ಪಾಲು. ಕೌಂಟರಿನ ಹಿಂದೆ ಒಂದು ಎತ್ತರದ ಸ್ಟೂಲು ಕೂಡ ಇಲ್ಲ. ವಾರದ ದಿನಗಳಲ್ಲಿ ಇದು ಹೇಗೋ ನಡೆಯುತ್ತದೆ. ಭಾನುವಾರವೂ ತಿಂಗಳ ಮೊದಲ ವಾರವೂ ಈ ಕೌಂಟರುಗಳಿಗೆ ತಲಾ ಒಬ್ಬ ಸಹಾಯಕನನ್ನು ಮರಳಿ ಹಾಕದಿದ್ದರೆ ಸ್ಟ್ಯಾಂಡಿಗೆ ಹಾಕಿದ ಹಣದ ಫಲ ಯಾರಿಗೂ ದಕ್ಕುವುದಿಲ್ಲ.

ಚೀಲದ ಬೆಲೆಯ ಬಗ್ಗೆ ಒಂದು ಮಾತು ಉಳಿದಿದೆ. ಬಾಯಿ ತೆರೆದು ಸಿದ್ಧವಾಗಿ ನಿಂತ ಚೀಲ ಕಣ್ಣೆದುರಿಗಿದ್ದಾಗ ಅದು ಉಚಿತವೆಂದು ಗ್ರಾಹಕರು ತಿಳಿಯುವುದು ಸಹಜ. ಸಾಮಾನು ಒಳಗೆ ಬಿದ್ದಾದ ಮೇಲೆ ಬಿಲ್ಲಿನ ಕೊನೆಯಲ್ಲಿ ಅದರ ದರ ಸೇರಿರುತ್ತದೆ. ದರಪಟ್ಟಿಯನ್ನು ಬಿಲ್ ಹಾಕುವವರ ಬೆನ್ನ ಹಿಂದಿನ ಗೋಡೆಗೆ ಅಂಟಿಸಿದ್ದಾರೆ, ಸ್ಟ್ಯಾಂಡಿನ ಅಡ್ಡಗೋಡೆ ಅದನ್ನು ಮರೆಮಾಡುತ್ತದೆ. ಮೊದಲೇ ತಿಳಿಸದೆ ಹಣ ಪಾವತಿಸುವ ಹೊತ್ತಿನಲ್ಲಿ ಕೈಚೀಲಕ್ಕೆ ಪ್ರತ್ಯೇಕ ದರ ವಿಧಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ 2020ರ ಡಿಸೆಂಬರಿನಲ್ಲೇ ಆದೇಶಿಸಿದೆ. ಗ್ರಾಹಕ ಸಾಮಾನು ಆರಿಸಲು ಆರಂಭಿಸುವ ಮುಂಚೆಯೇ ಚೀಲದ ದರ ಅವನಿಗೆ ಗೊತ್ತಿರಬೇಕೆಂಬುದು ಅದರ ತಾತ್ಪರ್ಯ. ಇದನ್ನು ಮ್ಯಾನೇಜರರ ಗಮನಕ್ಕೆ ತಂದಾಗ ಅವರು ಸೌಜನ್ಯದಿಂದಲೇ ಕೇಳಿಸಿಕೊಂಡು, ಟ್ರಾಲಿಗಳನ್ನು ನಿಲ್ಲಿಸುವ ಜಾಗದಲ್ಲಿ ಕನ್ನಡದ ಫಲಕ ಹಾಕಿಸುವುದಾಗಿ ಹೇಳಿದರು. ಇದನ್ನು ಬರೆಯುವ ಹೊತ್ತಿಗೆ ಫಲಕ ಬಂದಿಲ್ಲ. ಅಲ್ಲಿಯವರೆಗೆ ಮನೆಯ ಚೀಲ ತಂದವರು ಬಿಲ್ ಆರಂಭವಾಗುವ ಮುಂಚೆಯೇ ಅದನ್ನು ಬಾಗಿದ ಕೊಕ್ಕೆಗೆ ತಾವೇ ಸಿಕ್ಕಿಸಿಬಿಡುವುದು ಉತ್ತಮ. ತಡವಾದರೆ ಅಂಗಡಿಯ ಚೀಲದಲ್ಲಿ ಮೊದಲ ಪೊಟ್ಟಣ ಬಿದ್ದಿರುತ್ತದೆ.